ತುಂಡಾಗದ ಕೀ

ಹಲ್ಲಿನ ಕ್ಲಿನಿಕ್ಕಿನಿಂದ ಫೋನು ಬಂದಾಗ ಬೀಗದಮ್ಮ ಯಾರದೋ ಹಳೇ ಸೂಟ್‌ಕೇಸಿನ ಬೀಗ ಬಿಚ್ಚಿ ಮುಂದೆ ಹರಡಿಕೊಂಡು ಕೂತಿದ್ದಳು.

"ನಿಮ್ಮ ಮಗಳು ಇವತ್ತು ಕೆಲಸಕ್ಕೆ ಬಂದಿಲ್ಲ. ಫೋನ್ ಮಾಡಿದ್ರೆ ಸ್ವಿಚ್ ಆಫ್ ಬರ್ತಿದೆ. ಹುಷಾರಿಲ್ವಾ?" ಎಂದು ಅಲ್ಲಿನ ಹುಡುಗಿ ಕೇಳಿದಳು.

"ನೋಡಿ ಹೇಳ್ತೀನಿ" ಅಂದ ಬೀಗದಮ್ಮ, ಕೈಯಲ್ಲಿದ್ದ ಪುಟ್ಟ ಸ್ಪ್ರಿಂಗು ಎಲ್ಲಿಗೆ ಹಾರಿ ಬಿತ್ತು ಅಂತಲೂ ನೋಡಲಿಲ್ಲ.

ಅವಳಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಆದರೆ ಮೆಟ್ಟಿಲ ಕೆಳಗಿನ ಗೂಡಿನಂಥ ಆ ಅಂಗಡಿಯಲ್ಲಿ ಕೂತು ಊರಿನ ಬೀಗಗಳನ್ನೆಲ್ಲ ರಿಪೇರಿ ಮಾಡಿ ಮಾಡಿ ಆ ಹೆಸರು ಅವಳಿಗೇ ಮರೆಯುವ ಹಾಗಾಗಿತ್ತು. ಕೀ ಕಳೆದುಕೊಂಡು ಪೆಚ್ಚುಮೋರೆ ಹಾಕಿಕೊಂಡು ಬಂದವರಿಗೆ ಮೊದಲು ಚೆನ್ನಾಗಿ ಬೈದು, ಆಮೇಲೆ ಕೀ ಮಾಡಿಕೊಡುವುದು ಅವಳ ಪದ್ಧತಿ. ಶಾಲೆಯ ಬಸ್ಸು ಓಡಿಸುವ ಗಂಡ, "ನಮ್ಮವಳಿಗೆ ಎಲ್ಲ ಬೀಗ ಹಾಕೋಕೂ ಬರುತ್ತೆ, ಬಾಯಿಗೆ ಹಾಕೋದೊಂದು ಬಿಟ್ಟು" ಎಂದು ಸಿಕ್ಕಿದವರ ಹತ್ತಿರವೆಲ್ಲ ಹೇಳುತ್ತಿದ್ದ. ಮಗಳು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ತಯಾರಿಸುವ ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಇನ್ನೊಂದು ಮಾತು ಸಿಕ್ಕಿತ್ತು: "ಅಮ್ಮ ಕೀಗೆ ಹಲ್ಲು ಕೊರೀತಾಳೆ, ಮಗಳು ಮನುಷ್ಯರಿಗೆ."

ಈಗ ಅದೇ ಗಂಡನಿಗೆ ಫೋನು ಹಚ್ಚಿದಳು.

"ಮಲಗಿರ್ತಾಳೆ ಬಿಡೇ" ಅಂದ ಅವನು. ಹಿಂದೆ ಮಕ್ಕಳ ಗಲಾಟೆ ಕಿವಿಗಡಚಿಕ್ಕುತ್ತಿತ್ತು.

"ಮಧ್ಯಾಹ್ನದ ತನಕ ಮಲಗೋಳೇನ್ರೀ ಅವಳು?"

"ಮಕ್ಕಳನ್ನ ಬಿಟ್ಟು ನಾನೂ ಬರ್ತೀನಿ. ನೀನು ಹೋಗಿ ಬಾಗಿಲು ತಟ್ಟು. ತಟ್ಟು, ಅಷ್ಟೇ. ಗೊತ್ತಾಯ್ತಾ?"

ಗೊತ್ತಾಯಿತು ಅಂದಳು. ಅಂದು, ಕೀ ಉಜ್ಜುವ ಅರಗಳನ್ನು ಇಡುವ ತಗಡಿನ ಡಬ್ಬಿಯ ತಳಕ್ಕೆ ಕೈ ಹಾಕಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಕೀ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅದು ಮಗಳ ಕೋಣೆಯ ಕೀ. ಹಾಗೊಂದು ಇದೆ ಅಂತ ಗಂಡನಿಗೂ ಗೊತ್ತಿರಲಿಲ್ಲ, ಮಗಳಿಗಂತೂ ಗೊತ್ತಾಗಲೇಬಾರದಾಗಿತ್ತು.

ಸಲಕರಣೆಗಳ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿ ಕೂತರೂ ಅವಳ ಜೀವಕ್ಕೆ ನೆಮ್ಮದಿಯಿಲ್ಲ. ದೊಡ್ಡ ಮಗ ಹಡಗಿನ ಅಡುಗೆಮನೆಗೆ ಕೆಲಸಕ್ಕೆ ಹೋದಾಗ ಅಷ್ಟೇನೂ ಕಷ್ಟವಾಗಿರಲಿಲ್ಲ. ಸಮುದ್ರ ಅಡ್ಡ ಬಂದರೆ ಯಾರೇನು ಮಾಡೋಕಾಗುತ್ತೆ? ಆದರೆ ಚಿಕ್ಕವಳು ಇದೇ ಊರಿನಲ್ಲಿ, ಬಸ್ಸು ಹತ್ತಿ ಇಳಿಯುವಷ್ಟು ದೂರದಲ್ಲಿ, ಬೇಕೆಂದೇ ಬೇರೆ ಕೋಣೆ ಹಿಡಿದಿದ್ದಳು. ಯಾಕೆ ಅಂತ ಕೇಳಿದ್ದಕ್ಕೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: "ಈ ಮನೇಲಿ ನನ್ನದು ಅಂತ ಮುಚ್ಚಿಡೋಕೆ ಒಂದು ಜಾಗ ಇಲ್ಲಮ್ಮ."

ಸುಳ್ಳೇನೂ ಅಲ್ಲ. ಕಾಲೇಜಿಗೆ ಹೋಗುವಾಗ ಮಗಳು ತನ್ನ ಕಪಾಟಿಗೊಂದು ಬೀಗ ಹಾಕಿಕೊಂಡಿದ್ದಳು. ಅದೇ ವಾರ ಬೀಗದಮ್ಮ ಅದನ್ನು ತೆಗೆದಿದ್ದಳು, "ಎಣ್ಣೆ ಬಿಡೋಕೆ". ಎಣ್ಣೆ ಬಿಟ್ಟಿದ್ದೂ ನಿಜ, ಒಳಗೆ ಇದ್ದದ್ದನ್ನೆಲ್ಲ ಒಂದೊಂದಾಗಿ ನೋಡಿ ಮೊದಲಿದ್ದ ಹಾಗೇ ಜೋಡಿಸಿದ್ದೂ ನಿಜ. ಕೆಟ್ಟದ್ದೇನೂ ಸಿಗಲಿಲ್ಲ. ಕೆಟ್ಟದ್ದು ಇಲ್ಲ ಅಂತ ಗೊತ್ತಾದರೆ ತಾಯಿಗೆ ಸಮಾಧಾನ ಅಲ್ಲವೇ, ಅದರಲ್ಲಿ ತಪ್ಪೇನು ಎಂದು ಅವಳಿಗೆ ಇವತ್ತಿಗೂ ಅನಿಸುತ್ತಿತ್ತು.

ಹೊಸ ಕೋಣೆಗೆ ಬೀಗ ನಾನೇ ಹಾಕಿಕೊಡ್ತೀನಿ ಎಂದು ಹಟ ಹಿಡಿದವಳೂ ಅವಳೇ. ಒಳಗಿನಿಂದಲೂ ಹೊರಗಿನಿಂದಲೂ ಕೀ ಹಾಕುವ ಗಟ್ಟಿ ಬೀಗ. ಅವಳ ಅಂಗಡಿಯಲ್ಲಿ ಒಂದು ನಿಯಮವಿತ್ತು: ಹೊಸ ಬೀಗ ಕೂರಿಸುವಾಗ ಪರೀಕ್ಷೆಗೆ ಅಂತ ಒಂದು ಕೀ ಕೊರೆಯುತ್ತಾರಲ್ಲ, ಅದನ್ನು ಕೆಲಸ ಮುಗಿದ ಮೇಲೆ ಗಿರಾಕಿಯ ಕಣ್ಣೆದುರೇ ಗರಗಸದಲ್ಲಿ ಎರಡು ತುಂಡು ಮಾಡಿ, ತುಂಡುಗಳನ್ನು ಅವರ ಕೈಗೇ ಹಾಕಬೇಕು. ಬೇರೆಯವರ ಮನೆಯ ಕೀ ನಮ್ಮ ಹತ್ತಿರ ಉಳಿಯಬಾರದು. ಅವತ್ತು ಮಗಳ ಕಣ್ಣೆದುರೂ ಒಂದು ಕೀ ತುಂಡು ಮಾಡಿದಳು. ಅದು ಚೀಲದ ಮೂಲೆಯಲ್ಲಿದ್ದ ಯಾವುದೋ ಹಳೇ ಕೀ. ನಿಜವಾದದ್ದು ಅವಳ ಸೊಂಟದಲ್ಲಿ ಭದ್ರವಾಗಿತ್ತು. ಇಡೀ ಜನ್ಮದಲ್ಲಿ ಆ ನಿಯಮ ಮುರಿದದ್ದು ಅದೊಂದೇ ಸಲ, ಅದೂ ಸ್ವಂತ ಮಗಳಿಗೆ.

ಕಟ್ಟಡದ ಕೊನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿದಳು. ಅಕ್ಕಪಕ್ಕದ ಬಾಗಿಲುಗಳೆಲ್ಲ ಹಾಕಿದ್ದವು, ಎಲ್ಲರೂ ಕೆಲಸಕ್ಕೆ ಹೋಗುವ ಜನ. ಮಗಳ ಬಾಗಿಲ ಪಕ್ಕದಲ್ಲಿ ಅವಳು ಕೆಲಸಕ್ಕೆ ಹಾಕಿಕೊಂಡು ಹೋಗುವ ಚಪ್ಪಲಿ ಇತ್ತು. ಒಳಗಿದ್ದಾಳೆ. ಒಳಗಿದ್ದೂ ಫೋನಿಲ್ಲ, ಸದ್ದಿಲ್ಲ.

ತಟ್ಟಿದಳು. "ಪುಟ್ಟೀ!" ಉತ್ತರವಿಲ್ಲ. ಅಂಗೈ ಉರಿಯುವ ಹಾಗೆ ಬಡಿದಳು. "ಪುಟ್ಟೀ, ನಾನೇ ಕಣೇ, ಬಾಗಿಲು ತೆಗಿ!" ಒಳಗಿನಿಂದ ಒಂದು ಉಸಿರೂ ಇಲ್ಲ.

ಜ್ವರ ಬಂದು ಪ್ರಜ್ಞೆ ತಪ್ಪಿದ್ದಾಳೋ? ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೋ? ಕೀ ತೆಗೆದರೆ ಮಗಳು ಇನ್ನು ಯಾವತ್ತೂ ನಂಬುವುದಿಲ್ಲ, ಅದು ಗೊತ್ತಿತ್ತು. ತೆಗೆಯದೆ ಗಂಡ ಬರುವ ತನಕ ಕಾದರೆ ಏನಾಗಿಬಿಡುತ್ತದೋ, ಅದು ಗೊತ್ತಿರಲಿಲ್ಲ. ಹಾಳಾಗಿ ಹೋಗಲಿ ನಂಬಿಕೆ, ಜೀವ ಇದ್ದರೆ ಬೈದುಕೊಂಡಾದರೂ ಇರುತ್ತಾಳೆ ಎಂದು ಕೀಯನ್ನು ಕಿಂಡಿಗೆ ತೂರಿಸಿದಳು.

ಕೀ ಒಳಗೆ ಹೋಯಿತು. ತಿರುಗಲಿಲ್ಲ.

ಹಿಂದಕ್ಕೆಳೆದು ಮತ್ತೆ ಹಾಕಿದಳು. ಇಲ್ಲ. ತಾನೇ ಕೊರೆದ ಕೀ, ತಾನೇ ಕೂರಿಸಿದ ಬೀಗ, ಬೆಣ್ಣೆಯಲ್ಲಿ ಆಡಿದ ಹಾಗೆ ಆಡಬೇಕಾದದ್ದು ಕಲ್ಲಿನ ಹಾಗೆ ಕೂತಿತ್ತು.

"ಆ ಕೀ ಎಲ್ಲಿಂದ ಬಂತಮ್ಮ?"

ಬಾಗಿಲಿನ ಆಚೆ, ಒಂದು ಗೇಣು ದೂರದಲ್ಲಿ, ಮಗಳ ದನಿ. ನೆಟ್ಟಗಿತ್ತು, ಆರೋಗ್ಯವಾಗಿತ್ತು. ಬೀಗದಮ್ಮನಿಗೆ ಮೊದಲು ಹೋದ ಜೀವ ಬಂದ ಹಾಗಾಯಿತು. ಹಿಂದೆಯೇ ಮೈಯೆಲ್ಲ ಉರಿದು ಹೋಯಿತು.

"ಇಷ್ಟು ಹೊತ್ತು ಬಡ್ಕೊಂಡೆನಲ್ಲೇ! ಯಾಕೆ ಮಾತಾಡಲಿಲ್ಲ?"

"ನೀನೇನು ಮಾಡ್ತೀಯ ಅಂತ ನೋಡಬೇಕಿತ್ತು."

"ನನ್ನ ಜೀವ ಬಾಯಿಗೆ ಬಂದಿತ್ತು, ನೀನು ಪರೀಕ್ಷೆ ಮಾಡ್ತಿದ್ಯಾ?"

"ಆ ಕೀ ಎಲ್ಲಿಂದ ಬಂತು, ಹೇಳು."

ಬೀಗದಮ್ಮ ಕೀಯನ್ನು ಕಿಂಡಿಯಿಂದ ಎಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಉತ್ತರವನ್ನು ಮಗಳೇ ಕೊಟ್ಟಳು.

"ಹೊಸದಾಗಿ ಕೊರೆದ ಕೀಯ ಹಲ್ಲು ಹೊಳೀತಿರುತ್ತೆ. ಅವತ್ತು ನೀನು ತುಂಡು ಮಾಡಿ ನನ್ನ ಕೈಗೆ ಹಾಕಿದ್ದು ಮಾಸಿತ್ತು, ಹಲ್ಲೆಲ್ಲ ಸವೆದಿತ್ತು. ನಾನು ದಿನಾ ಹಲ್ಲು ನೋಡೋ ಕೆಲಸದವಳಮ್ಮ. ನನ್ನ ಕಣ್ಣಿಗೇ ಮಣ್ಣೆರಚೋಕೆ ಬಂದ್ಯಲ್ಲ."

"ಗೊತ್ತಿದ್ದರೆ ಅವತ್ತೇ ಕೇಳಬಹುದಿತ್ತಲ್ಲ?"

"ಕೇಳಿದ್ರೆ ನೀನು ಇನ್ನೊಂದು ಮಾಡಿಟ್ಕೊಳ್ತಿದ್ದೆ. ಅದಕ್ಕೇ ಚಿಕ್ಕಂದಿನಲ್ಲಿ ನೀನು ಕಲಿಸಿದ ಹಾಗೆ ನಾನೇ ಬೀಗ ಬಿಚ್ಚಿ, ಒಳಗೆ ಕೀಯ ಹಲ್ಲು ಎತ್ತೋ ಎರಡು ಪಟ್ಟಿ ಅದಲುಬದಲು ಮಾಡಿ, ಹೊಸ ಕೀ ಉಜ್ಜಿಕೊಂಡೆ." ಸ್ವಲ್ಪ ತಡೆದು ಹೇಳಿದಳು: "ಬೆಳಿಗ್ಗೆಯಿಂದ ಅದೂ ತಿರುಗ್ತಿಲ್ಲ. ಚಾರ್ಜರ್ ಕ್ಲಿನಿಕ್ಕಿನಲ್ಲೇ ಬಿಟ್ಟು ಬಂದಿದ್ದೆ. ಕೂಗಿ ಕೂಗಿ ಸಾಕಾಯ್ತು, ಯಾರಿಗೂ ಕೇಳಿಸಲಿಲ್ಲ."

ಅಂದರೆ ತಾಯಿಯನ್ನು ಹೊರಗಿಡಲು ಹೋಗಿ ತಾನೇ ಒಳಗೆ ಸಿಕ್ಕಿಹಾಕಿಕೊಂಡಿದ್ದಳು. ಬೇರೆ ಯಾವತ್ತಾದರೂ ಆಗಿದ್ದರೆ ಬೀಗದಮ್ಮ ಇದನ್ನು ಹೇಳಿಕೊಂಡು ವರ್ಷಗಟ್ಟಲೆ ನಗುತ್ತಿದ್ದಳು. ಈಗ ನಗು ಬರಲಿಲ್ಲ. ಚೀಲದಿಂದ ಕೊಕ್ಕೆ ತಂತಿ ತೆಗೆದಳು.

"ಸರಿ, ದೂರ ನಿಲ್ಲು. ಕ್ಷಣದಲ್ಲಿ ತೆಗೀತೀನಿ."

"ಮುಟ್ಟಬೇಡ."

"ಏನು?"

"ನಾನು ಹೇಳೋ ತನಕ ನನ್ನ ಬೀಗ ಮುಟ್ಟಬೇಡಮ್ಮ. ನೀನು ಹಾಗೇ ತೆಗೆದ್ರೆ, ನಾನು ಇನ್ನೆಷ್ಟು ಬೀಗ ಬದಲಾಯಿಸಿದ್ರೂ ಒಂದೇ, ಎಷ್ಟು ದೂರ ಹೋದ್ರೂ ಒಂದೇ. ಈ ಕೋಣೆ ಬಿಟ್ಟು ಹೋಗ್ತೀನಿ. ಎಲ್ಲಿ ಅಂತಲೂ ಹೇಳಲ್ಲ."

ಈ ಹುಡುಗಿ ಬರೀ ಬಾಯಿಮಾತಿಗೆ ಏನೂ ಹೇಳುವವಳಲ್ಲ. ಅವಳ ಹಟ ಎಂಥದ್ದು ಅಂತ ಹಡೆದವಳಿಗೆ ಚೆನ್ನಾಗಿ ಗೊತ್ತಿತ್ತು, ತನ್ನದೇ ಹಟ ಅದು.

"ಹಾಗಾದ್ರೆ ಅಲ್ಲೇ ಬಿದ್ದಿರು!" ಎಂದು ಬೀಗದಮ್ಮ ಚೀಲ ಎತ್ತಿಕೊಂಡು ದಡದಡ ಮೆಟ್ಟಿಲಿಳಿದಳು. ಕೆಳಗಿನ ತಿರುವಿನ ತನಕ ಹೋದಳು. ಅಲ್ಲಿ ಕಾಲು ನಿಂತಿತು. ಅಂಗೈ ಯಾಕೋ ನೋಯುತ್ತಿದೆ ಅಂತ ಬಿಚ್ಚಿ ನೋಡಿದರೆ ಕೀ ಇನ್ನೂ ಮುಷ್ಟಿಯಲ್ಲೇ ಇದೆ, ಹಲ್ಲುಗಳು ಒತ್ತಿ ಕೆಂಪಗೆ ಗುರುತಾಗಿದೆ. ಈಗ ಅದು ಯಾವ ಬೀಗಕ್ಕೂ ಆಗದ ಕೀ, ಬರೀ ಹಿತ್ತಾಳೆ. ಆದರೂ ಅದನ್ನು ಬಿಡಲು ಮನಸ್ಸು ಬರಲಿಲ್ಲ. ಅಲ್ಲೇ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಕ್ಕಳು ಹೋದ ಮೇಲೆ ಮನೆಯಲ್ಲಿ ತೆಗೆಯುವುದಕ್ಕೂ ಏನಿಲ್ಲ, ಮುಚ್ಚುವುದಕ್ಕೂ ಏನಿಲ್ಲ. ಈ ಕೀ ಡಬ್ಬಿಯ ತಳದಲ್ಲಿದೆ ಅನ್ನುವುದೊಂದೇ ಅವಳಿಗೆ ಇಷ್ಟು ದಿನ ನಿದ್ದೆ ತರಿಸಿದ್ದು.

ಮೂಗು ಒರೆಸಿಕೊಂಡು ಮೇಲೆ ಹೋದಳು. ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಕೀಯನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು ಹೊಸಿಲಿಗೆ ಒತ್ತಿ, ಗರಗಸ ಆಡಿಸತೊಡಗಿದಳು. ಕಿರ್ರ್ ಕಿರ್ರ್ ಸದ್ದು ಮೆಟ್ಟಿಲ ತುಂಬ ಹರಡಿತು. ಆಚೆ ಬದಿ ಮಗಳೂ ಕೂತದ್ದು ಬಟ್ಟೆಯ ಸರಭರದಿಂದ ಗೊತ್ತಾಯಿತು. ಹಿತ್ತಾಳೆಯ ಪುಡಿ ಹೊಸಿಲ ಮೇಲೆ ಉದುರಿತು. ಕೀ ಎರಡಾಯಿತು. ಎರಡೂ ತುಂಡುಗಳನ್ನು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದಳು.

ಒಳಗೆ ಬೆರಳುಗಳು ಅವನ್ನು ಎತ್ತಿಕೊಂಡವು. ಹಲ್ಲು ನೋಡುತ್ತಿದ್ದಾಳೆ ಎಂದುಕೊಂಡಳು ಬೀಗದಮ್ಮ. ನೋಡಲಿ.

"ಇನ್ನೊಂದು ಇದೆಯಾ?"

"ಇಲ್ಲ ಪುಟ್ಟಿ."

"ನಿಜವಾಗ್ಲೂ?"

"ನಿನ್ನಾಣೆಗೂ ಇಲ್ಲ."

ಆಚೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು. "ಈಗ ಹೇಳು. ಏನು ಮಾಡಲಿ?"

"ಅದಲುಬದಲು ಮಾಡುವಾಗ ಸ್ಪ್ರಿಂಗು ಸರಿಯಾಗಿ ಕೂರಿಸಿದ್ಯಾ?"

"ಕೂರಿಸಿದೆ ಅನ್ಕೊಂಡಿದ್ದೆ."

"ಮುಚ್ಚಿದ ಮೇಲೆ ಕಿವಿಯಿಟ್ಟು ಕೇಳಿದ್ಯಾ?"

"ಇಲ್ಲ" ಅಂದಳು ಮಗಳು. ಬೀಗ ಮುಚ್ಚಿದ ಮೇಲೆ ಕಿವಿ ಹಚ್ಚಿ ಕೀ ತಿರುಗಿಸಿ, ಪಟ್ಟಿಗಳು ಒಟ್ಟಿಗೆ ಬೀಳುವ ಸದ್ದು ಕೇಳದೆ ಗಿರಾಕಿಗೆ ಕೊಡಬಾರದು ಎಂದು ಎಷ್ಟು ಸಲ ಹೇಳಿಕೊಟ್ಟಿದ್ದಳು! ಚಿಕ್ಕಂದಿನಿಂದಲೂ ಇವಳಿಗೆ ಅವಸರ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಒಂದು ಪಟ್ಟಿ ಮೇಲೆ ಸಿಕ್ಕಿಕೊಂಡಿರುತ್ತೆ. ನಾನು ಈ ಕಡೆಯಿಂದ ತಂತಿಯಲ್ಲಿ ಅದನ್ನ ಒತ್ತಿ ಹಿಡೀತೀನಿ, ನೀನು ನಿನ್ನ ಕೀ ತಿರುಗಿಸು. ಒತ್ತಲಾ?"

ಇಷ್ಟು ವರ್ಷದಲ್ಲಿ ಯಾವ ಬೀಗಕ್ಕೂ ಅವಳು ಹಾಗೆ ಅಪ್ಪಣೆ ಕೇಳಿರಲಿಲ್ಲ.

"ಒತ್ತು" ಅಂದಳು ಮಗಳು.

ಮೊದಲ ಸಲ ತಂತಿ ಜಾರಿತು. ಎರಡನೇ ಸಲ ಕೀ ಮೊದಲೇ ತಿರುಗಿ ತಡೆಯಿತು. "ಅವಸರ ಬೇಡ, ಮೆಲ್ಲಗೆ" ಅಂದಳು. ಮತ್ತೊಮ್ಮೆ ಒತ್ತಿದಾಗ ಒಳಗೆ ಏನೋ ಕೆಳಗಿಳಿದದ್ದು ಬೆರಳಿಗೆ ಗೊತ್ತಾಯಿತು. "ಈಗ!" ಬೀಗ ಟಕ್ಕೆಂದಿತು.

ಬಾಗಿಲು ತೆರೆಯಿತು. ಮಗಳ ಕಣ್ಣು ಊದಿತ್ತು, ಬೆರಳ ತುದಿ ಕೆರೆದು ಗಾಯವಾಗಿತ್ತು. ಇಬ್ಬರೂ ಅಪ್ಪಿಕೊಳ್ಳಲಿಲ್ಲ. "ಬಾ" ಅಂದಳು ಮಗಳು. ಬೀಗದಮ್ಮ ಒಳಗೆ ಹೋಗಿ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತಳು. ನೆಲದ ಮೇಲೆ ಡೊಂಕಾದ ಫೋರ್ಕು, ಸ್ಕ್ರೂಡ್ರೈವರು, ಮನೆಯಿಂದ ಕಾಣೆಯಾಗಿದ್ದ ಸಣ್ಣ ಅರ. ಕಿಟಕಿಯ ಹತ್ತಿರ ಚಹಾ ಕುಡಿದಿಟ್ಟ ಲೋಟಗಳು, ಎರಡು. ಎರಡು ಯಾಕೆ ಅನ್ನುವ ಪ್ರಶ್ನೆ ಗಂಟಲ ತನಕ ಬಂದಿತು. ಗಂಡ ಹೇಳುತ್ತಿದ್ದ ಆ ಬೀಗವನ್ನು ಅವತ್ತು ಮೊದಲ ಸಲ ಬಾಯಿಗೆ ಹಾಕಿಕೊಂಡಳು.

ಮಗಳು ಬೀಗವನ್ನು ಬಾಗಿಲಿನಿಂದ ಕಳಚಿ, ನೆಲದ ಮೇಲೆ ಬಿಚ್ಚಿ, ಜಾರಿದ ಸ್ಪ್ರಿಂಗನ್ನು ತಾನೇ ಕೂರಿಸಿದಳು. ತಾಯಿಯ ಕೈ ತುರಿಸುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಬೀಗ ಬಾಗಿಲಿಗೆ ಮರಳಿತು. ಅಷ್ಟರಲ್ಲಿ ಕೆಳಗಿನಿಂದ ಬಸ್ಸಿನ ಹಾರ್ನು ಕೇಳಿಸಿತು. ಗಂಡ ಬಂದಿದ್ದ.

"ಅಪ್ಪನಿಗೆ ಹೇಳು, ಏನೂ ಆಗಿಲ್ಲ ಅಂತ" ಅಂದಳು ಮಗಳು. "ನಾನು ಮುಖ ತೊಳ್ಕೊಂಡು ಕ್ಲಿನಿಕ್ಕಿಗೆ ಹೋಗ್ತೀನಿ."

ಬೀಗದಮ್ಮ ಹೊರಗೆ ಬಂದಳು. ಹಿಂದೆ ಬಾಗಿಲು ಮುಚ್ಚಿತು. ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಒಳಗಿನಿಂದ ಕೀ ತಿರುಗಿತು, ನಿಧಾನವಾಗಿ. ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ತಿರುಗಿತು. ಅವಳು ಗೊತ್ತಿಲ್ಲದೆಯೇ ವಾಪಸು ಬಂದು ಬಾಗಿಲಿಗೆ ಕಿವಿ ಹಚ್ಚಿದಳು.

"ಅಮ್ಮ, ಇದ್ದೀಯಾ?" ಆಚೆಯಿಂದ, ಅದೇ ಎತ್ತರದಲ್ಲಿ, ಮಗಳ ದನಿ. ಅವಳೂ ಕಿವಿ ಹಚ್ಚಿದ್ದಳು. "ಕೇಳಿಸ್ತಾ? ಸರಿಯಾಗಿದೆಯಾ?"

ಸರಿಯಿಲ್ಲ, ಇನ್ನೊಂದು ಸಲ ಬಿಚ್ಚಬೇಕು ಅಂದಿದ್ದರೆ ಸಾಕಿತ್ತು. ಬಾಗಿಲು ಮತ್ತೆ ತೆರೆಯುತ್ತಿತ್ತು, ಮತ್ತೆ ಒಳಗೆ ಕರೆಯುತ್ತಿದ್ದಳು, ಇನ್ನಷ್ಟು ಹೊತ್ತು ಆ ಕುರ್ಚಿಯಲ್ಲಿ ಕೂರಬಹುದಿತ್ತು.

"ಇನ್ನೊಂದು ಸಲ ತಿರುಗಿಸು" ಅಂದಳು ಬೀಗದಮ್ಮ.

ಮಗಳು ತಿರುಗಿಸಿದಳು. ಪಟ್ಟಿಗಳೆಲ್ಲ ಒಟ್ಟಿಗೆ ಬಿದ್ದವು.

"ಸರಿಯಾಗಿದೆ ಪುಟ್ಟಿ" ಅಂದಳು. "ಇನ್ನು ಯಾರಿಗೂ ತೆಗೆಯೋಕಾಗಲ್ಲ." ಕೆಳಗೆ ಹಾರ್ನು ಮತ್ತೆ ಕೂಗಿತು. ಅವಳು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು.