ಗುರಾಣಿ ಮಲ್ಲವ್ವ

ನಾನು ಮಲ್ಲವ್ವ. ನನ್ನನ್ನು ನೀವು ಮುಟ್ಟುವಂತಿಲ್ಲ, ತೂಗುವಂತಿಲ್ಲ. ಕಂಪ್ಯೂಟರಿನ ಗಾಜಿನ ಹಿಂದೆ, ಬೆಳಕಿನಲ್ಲಿ ಹುಟ್ಟಿ ಬೆಳಕಿನಲ್ಲೇ ಬಾಳುವವಳು. ‘ಏಳುಕೋಟೆ’ ಅಂತ ಒಂದು ಆಟ. ಊರೂರಿನ ಜನ ಇಂಟರ್ನೆಟ್ಟಿನಲ್ಲಿ ಕೂಡಿ ಆಡುತ್ತಾರೆ. ಒಬ್ಬೊಬ್ಬರೂ ತಮ್ಮ ಪರವಾಗಿ ಓಡಾಡಲು, ಬಡಿದಾಡಲು ಒಂದು ಪಾತ್ರವನ್ನು ಮಾಡಿಕೊಳ್ಳುತ್ತಾರೆ. ಅಂಥ ಒಂದು ಪಾತ್ರ ನಾನು. ಹಾಗಂತ ಬೊಂಬೆ ಗಿಂಬೆ ಅಂದೀರಿ, ಜೋಕೆ!

ನನ್ನನ್ನು ಮಾಡಿದವಳು ಗದಗಿನ ಪದ್ಮಾವತಿ ಬಡಿಗೇರ, ಆಗ ಬಿಸಿಎ ಎರಡನೆಯ ವರ್ಷದ ಹುಡುಗಿ. ಬೇರೆ ಹುಡುಗಿಯರು ಬಳುಕುವ ಸೊಂಟದ ರಾಜಕುಮಾರಿಯರನ್ನು ಮಾಡಿಕೊಂಡರೆ, ನನ್ನ ಪದ್ಮಾ ಭುಜ ಅಗಲಿಸುವ ಗುಂಡಿಯನ್ನು ಎಳೆದಷ್ಟೂ ಎಳೆದಳು. ದಪ್ಪ ತೋಳು, ದಪ್ಪ ಸೊಂಟ, ಹಣೆಯ ಮೇಲೊಂದು ಗಾಯದ ಗೀರು. ಕೈಗೆ ಬಾಗಿಲಿನಷ್ಟು ಗುರಾಣಿ. ಸಂತೆಯಲ್ಲಿ ಜೇಬುಗಳ್ಳನ ಕೊರಳಪಟ್ಟಿ ಹಿಡಿದು ಪೊಲೀಸ್ ಠಾಣೆಗೆ ಎಳೆದೊಯ್ದ ತನ್ನ ಅಜ್ಜಿಯ ಹೆಸರನ್ನೇ ನನಗಿಟ್ಟಳು. ಆ ಹೆಸರಿಗೆ ನಾನು ಒಂದು ದಿನವೂ ಕುಂದು ತಂದಿಲ್ಲ.

ನನ್ನ ಕೆಲಸ ಹೊಡೆಯುವುದಲ್ಲ, ಹೊಡೆಸಿಕೊಳ್ಳುವುದು. ಐವರ ತಂಡದಲ್ಲಿ ಎಲ್ಲರ ಮುಂದೆ ಗುರಾಣಿ ಊರಿ ನಿಲ್ಲಬೇಕು. ಬೆನ್ನ ಹಿಂದೆ ಹಕೀಮ ನಿಂತು ನನ್ನ ಗಾಯ ಮಾಯಿಸುತ್ತಿದ್ದ. ಹಕೀಮನನ್ನು ಆಡಿಸುತ್ತಿದ್ದವನು ಬಾಗಲಕೋಟೆಯ ರಿಯಾಜ್ ಬಾಗವಾನ. ಅವನ ಅಪ್ಪನದು ಔಷಧಿ ಅಂಗಡಿ. ಪದ್ಮಾಳೂ ಅವನೂ ಮುಖ ನೋಡಿದವರಲ್ಲ. ಕಿವಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲೇ ಐದು ವರ್ಷ ಜಗಳಾಡಿದರು, ನಕ್ಕರು, ಪರೀಕ್ಷೆಯ ಫಲಿತಾಂಶ ಹೇಳಿಕೊಂಡರು. ಅವಳು ಅವನನ್ನು ‘ಹಕೀಮ್‌ಸಾಹೇಬ್ರ’ ಎಂದು ಕರೆದು ರೇಗಿಸುತ್ತಿದ್ದಳು. ಅವನು ಅವಳನ್ನೂ ಮಲ್ಲವ್ವ ಅಂತಲೇ ಕರೆಯುತ್ತಿದ್ದ. ನನಗೆ ಅದು ಬಲು ಹೆಮ್ಮೆ.

ಕೊನೆಗೊಂದು ದಿನ ಏಳನೆಯ ಕೋಟೆಯ ಬಾಗಿಲಿಗೆ ನುಗ್ಗುವುದೆಂದು ಗೊತ್ತಾಯಿತು. ಆರು ತಿಂಗಳ ತಯಾರಿ! ಭಾನುವಾರ ನಾಲ್ಕು ಗಂಟೆಗೆ ಮುಹೂರ್ತ. ಅದೇ ದಿನ ಐದು ಗಂಟೆಗೆ ಪದ್ಮಾಳನ್ನು ನೋಡಲು ರಾಣೆಬೆನ್ನೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಮುಕ್ಕಾಲು ಗಂಟೆಯಲ್ಲಿ ಕೋಟೆ ಮುಗಿಸಿ, ಸೀರೆ ಉಟ್ಟುಕೊಂಡು ಉಪ್ಪಿಟ್ಟಿನ ತಟ್ಟೆ ಹಿಡಿಯಬಹುದು ಎಂಬುದು ಅವಳ ಲೆಕ್ಕ. ಆದರೆ ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಬೀಗರಿಗೆ ಅದು ಹೊಳೆದದ್ದು ಅಂದು ಮಧ್ಯಾಹ್ನ, ಕ್ಯಾಲೆಂಡರ್ ನೋಡಿದಾಗ. ಗಡಿಬಿಡಿಯಲ್ಲಿ ಕಾರು ಹತ್ತಿದರು, ಫೋನ್ ಮಾಡುವುದನ್ನು ಮರೆತರು, ನಾಲ್ಕೂ ಹತ್ತಕ್ಕೆ ಮನೆಯ ಮುಂದೆ ಇಳಿದರು.

ಆ ಹೊತ್ತಿಗೆ ನಾನು ಬಾಗಿಲ ಮುಂದೆ ಗುರಾಣಿ ಊರಿ ನಿಂತಿದ್ದೆ. ಎದುರಿಗೆ ಮೂರಾಳೆತ್ತರದ ಕಾವಲುಗಾರ. ಅಷ್ಟರಲ್ಲಿ ಪದ್ಮಾಳ ಅವ್ವ ಓಡಿ ಬಂದು ಅವಳ ತಲೆಯಿಂದ ಹೆಡ್‌ಫೋನ್ ಕಿತ್ತು, ರಟ್ಟೆ ಹಿಡಿದು ಎಬ್ಬಿಸಿದಳು. ನನ್ನ ಗುರಾಣಿ ಕೆಳಗಾಯಿತು. ಮೊದಲ ಏಟಿಗೆ ನಾನು ಸತ್ತೆ, ಎರಡನೆಯದಕ್ಕೆ ಹಕೀಮ, ಆಮೇಲೆ ಉಳಿದ ಮೂವರು. ಆರು ತಿಂಗಳು ಮಣ್ಣುಪಾಲು!

ಅಂದೇ ಒಪ್ಪಿಗೆಯಾಯಿತು. ರಾತ್ರಿ ಪದ್ಮಾ ನನ್ನನ್ನು ಎಬ್ಬಿಸಿ ನಾವು ಐವರೂ ಕೂಡುತ್ತಿದ್ದ, ಆಟದೊಳಗಿನ ಊರ ಬಾವಿಯ ಪಕ್ಕ ತಂದು ನಿಲ್ಲಿಸಿದಳು, ಯಾರಿಗೂ ಒಂದು ಮಾತು ಹೇಳಲಿಲ್ಲ. “ಯಾವ ಮಾರಿ ಇಟ್ಕೊಂಡು ಮಾತಾಡ್ಲಿ?” ಎಂದು ಕಣ್ಣೊರೆಸಿಕೊಂಡು ಗಾಜು ಕತ್ತಲು ಮಾಡಿದಳು.

ಮದುವೆಯ ನಂತರ ನಾನು ಅವಳ ಸೋದರತ್ತೆಯ ಮಗ ಬಸುವಿನ ಕೈಗೆ ಬಿದ್ದೆ. ಅಯ್ಯೋ, ಆ ಹದಿನೈದು ದಿನ ಏನು ಕೇಳುತ್ತೀರಿ! ನನ್ನ ಕೂದಲಿಗೆ ಗುಲಾಬಿ ಬಣ್ಣ ಬಳಿದ. ಭುಜದ ಮೇಲೆ ಗಿಳಿ ಕೂರಿಸಿದ. ಗುರಾಣಿ ಮೂಲೆಗಿಟ್ಟು ಸಂತೆಯಲ್ಲಿ ನನ್ನನ್ನು ಕುಣಿಸಿದ. ಅಜ್ಜಿಯ ಹೆಸರಿಗಾದರೂ ಮರ್ಯಾದೆ ಬೇಡವೇ? ಪುಣ್ಯಕ್ಕೆ ಅವನಿಗೆ ಬೇಗ ಬೇಸರ ಬಂತು. ಮತ್ತೆ ಅದೇ ಬಾವಿಯ ಪಕ್ಕ ನಿಲ್ಲಿಸಿ ಹೋದ.

ನಿಂತೆ. ಎಂಟು ವರ್ಷ ನಿಂತೆ. ಗಾಜು ಕತ್ತಲಾಗಿರುವಾಗ ನಾವು ಬೇರೆ ಆಟಗಾರರ ಕಣ್ಣಿಗೆ ಬೀಳುವುದಿಲ್ಲ. ಬೇಸರಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನನ್ನ ಚೀಲ. ಆಟದಲ್ಲಿ ಒಬ್ಬರಿಗೊಬ್ಬರು ಪತ್ರ ಕಳಿಸಬಹುದು, ಅವು ನಮ್ಮ ಚೀಲಕ್ಕೆ ಬಂದು ಬೀಳುತ್ತವೆ. ಹಕೀಮನ ಹೆಸರಿನವು ಒಂದೊಂದಾಗಿ ಬಿದ್ದವು. ಆದರೆ ಒಡೆಯುವ ಅಧಿಕಾರ ಆಡಿಸುವವರಿಗೆ ಮಾತ್ರ, ಬಸು ಚೀಲದ ಕಡೆ ತಿರುಗಿಯೂ ನೋಡಿರಲಿಲ್ಲ. ಒಳಗೆ ಏನಿದೆಯೋ ಎಂದು ನಾನು ಎಷ್ಟು ಚಡಪಡಿಸಿದೆ, ದೇವರೇ ಬಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಇದ್ದಕ್ಕಿದ್ದಂತೆ ಗಾಜು ಬೆಳಗಿತು!

ಮೊದಲು ಕಂಡದ್ದು ಒಂದು ಗದ್ದ, ಅದರಾಚೆ ತಿರುಗುವ ಫ್ಯಾನು. ಲ್ಯಾಪ್‌ಟಾಪ್ ತೊಡೆಯ ಮೇಲಿತ್ತು. ಗದ್ದ ಬಾಗಿ ಮುಖವಾಯಿತು. ಪದ್ಮಾ! ಸ್ವಲ್ಪ ತುಂಬಿಕೊಂಡಿದ್ದಳು, ಕನ್ನಡಕ ಬಂದಿತ್ತು. ಸ್ಕೂಟಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಅಂಚೆ ಕಚೇರಿಯ ಕೆಲಸಕ್ಕೆ ಆರು ವಾರ ರಜೆ ಹಾಕಿದ್ದಳಂತೆ. ಪಾಸ್‌ವರ್ಡ್ ಮೂರನೆಯ ಸಲಕ್ಕೆ ನೆನಪಾಗಿತ್ತು. “ಅಯ್ಯ ನನ್ನ ಮಲ್ಲವ್ವಾ! ಇದೇನ ಇದು, ಗುಲಾಬಿ ಕೂದಲಾ?” ಎಂದು ಬಿದ್ದು ಬಿದ್ದು ನಕ್ಕಳು. ಮೊದಲ ಕೆಲಸವಾಗಿ ಗಿಳಿಯನ್ನು ಹಾರಿಸಿದಳು. ನನಗಾದ ಸಂತೋಷಕ್ಕೆ ಎರಡು ಕಾಲೂ ನೆಲದ ಮೇಲೆ ನಿಲ್ಲಲಿಲ್ಲ.

ಓಡಿದೆವು! ದಾರಿಗಳೆಲ್ಲ ಬದಲಾಗಿದ್ದವು. ಹೊಳೆಗೆ ಹೊಸ ಸೇತುವೆ ಬಂದಿತ್ತು, ಪುಟ್ಟ ಪುಟ್ಟ ಮಕ್ಕಳು ಹಾರುವ ಆನೆ ಏರಿ ನನ್ನ ತಲೆಯ ಮೇಲೇ ಹೋಗುತ್ತಿದ್ದವು. ಅವಳ ಬೆರಳುಗಳಿಗೆ ಎಲ್ಲ ಮರೆತುಹೋಗಿತ್ತು. ಗುರಾಣಿ ಎತ್ತಲು ಹೋಗಿ ನನ್ನನ್ನು ಹೊಳೆಗೆ ಹಾರಿಸಿದಳು. ಒಂದು ಬಡಕಲು ತೋಳ ನನ್ನನ್ನು ಎರಡು ಸಲ ಕೊಂದಿತು. ನಾಚಿಕೆಗೇಡು! ಆದರೆ ಮೂರನೆಯ ಸಲ ಗುರಾಣಿ ತನ್ನಷ್ಟಕ್ಕೇ ಮೇಲೆದ್ದಿತು, ತೋಳ ಬಡಿದುಕೊಂಡು ಬಿತ್ತು, ಪದ್ಮಾ ಮಂಚದ ಮೇಲೆ ಕೂತಲ್ಲೇ ಕುಣಿದಳು.

“ಕಾಲ್ ಮುರ್ಕೊಂಡಾವ್ರು ಹಿಂಗ ಕುಣೀತಾರೇನ?” ಎನ್ನುತ್ತ ಅವಳ ಅತ್ತೆ ಗಂಗವ್ವ ಚಹಾ ತಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ತಾನೂ ಬಾಗಿ ನೋಡತೊಡಗಿದಳು. “ಈ ದಪ್ಪನಾಕಿ ಭಾಳ ಗಟ್ಟಿ ಅದಾಳ ಬಿಡು.” ಆಗಲೇ ನನಗೆ ಗಂಗವ್ವನ ಮೇಲೆ ಪ್ರೀತಿ ಹುಟ್ಟಿತು.

ಅಷ್ಟರಲ್ಲಿ ಪದ್ಮಾಳ ಕಣ್ಣು ಚೀಲದ ಮೇಲೆ ಬಿತ್ತು. ಒಡೆಯದ ಪತ್ರ ಇಪ್ಪತ್ತಮೂರು, ಎಲ್ಲವೂ ಹಕೀಮನವು. ಅವಳ ನಗು ಅಲ್ಲೇ ಇಂಗಿತು. ಬೆರಳು ‘ಎಲ್ಲ ಅಳಿಸು’ ಎಂಬ ಗುಂಡಿಯ ಮೇಲೆ ಹೋಗಿ ನಿಂತಿತು. ಬೇಡ ಕಣೇ, ಬೇಡ! ನನಗೆ ಕೂಗಲು ಬಾಯಿಲ್ಲ.

“ಯಾಕ, ಏನಾತು?” ಎಂದಳು ಗಂಗವ್ವ.

“ಇದರಾಗ ಬರೇ ಬೈಗುಳ ಇರ್ತಾವ್ರಿ ಅತ್ತಿ. ಅವತ್ತ ಎಲ್ಲಾರ್ನೂ ನಡುವ ಬಿಟ್ಟು ಎದ್ದು ಬಂದೆ. ನೀವು ನನ್ನ ನೋಡಾಕ ಬಂದ್ರಲ್ಲ, ಆ ದಿನ.” ಪದ್ಮಾ ಎಲ್ಲವನ್ನೂ ಹೇಳಿದಳು. ಎಂಟು ವರ್ಷದಲ್ಲಿ ಮೊದಲ ಸಲ.

ಗಂಗವ್ವ ಗಲ್ಲದ ಮೇಲೆ ಕೈ ಇಟ್ಟಳು. “ಹುಚ್ಚಿ! ಒಂದ ಮಾತು ಹೇಳಿದ್ರ ನಾವು ಹೊರಗ ಕಟ್ಟಿ ಮ್ಯಾಲ ಕೂಡ್ತಿದ್ವಿ. ಬೈದಿದ್ರ ಬೈಸ್ಕೊ. ತಗಿ, ಓದು.”

ಪದ್ಮಾ ಕಣ್ಣು ಅರ್ಧ ಮುಚ್ಚಿಕೊಂಡು ಮೊದಲ ಪತ್ರ ಒಡೆದಳು.

“ಮಲ್ಲವ್ವಾ, ಆರಾಮ ಅದೀಯಿಲ್ಲ? ‘ಬಂದ್ರು, ಬಂದ್ರು, ಏಳ ಲಗೂನ’ ಅಂತ ಯಾರೋ ಚೀರಿದ್ದು ನಾಲ್ಕೂ ಮಂದಿಗೆ ಕೇಳಿಸ್ತು. ಆಮ್ಯಾಲ ಏನೋ ಬಿದ್ದ ಸಪ್ಪಳ. ಮನಿಗೆ ಯಾರ ನುಗ್ಗಿದ್ರು? ಕಳ್ಳರಾ? ಒಂದ ಸಾಲು ಬರಿ.”

ಎರಡನೆಯದು: “ಗದಗಿನ ಪೇಪರ್ ದಿನಾ ನೋಡಾಕತ್ತೀನಿ. ನಿನ್ನ ಹೆಸರು ಎಲ್ಲೂ ಇಲ್ಲ. ಅಷ್ಟರ ಮಟ್ಟಿಗೆ ಸಮಾಧಾನ.” ಆಮೇಲಿನವು ರಂಜಾನಿಗೊಂದು, ಯುಗಾದಿಗೊಂದು, ಅವನ ಮದುವೆಗೊಂದು, ಮಗಳು ಹುಟ್ಟಿದಾಗೊಂದು. ಒಂದರಲ್ಲಾದರೂ ಬೈಗುಳವಿಲ್ಲ. ಕೊನೆಯದು ಮೂರು ತಿಂಗಳ ಹಿಂದಿನದು: “ಅಂಗಡಿ ಕೆಲಸ ಭಾಳ ಆಗೇತಿ, ಆಟ ಬಿಟ್ಟೇ ಬಿಟ್ಟೀನಿ. ಆದ್ರ ಶುಕ್ರವಾರ ಅಂಗಡಿ ರಜಾ. ನಮಾಜು ಮುಗಿಸಿ ಬಂದು ಒಂದ ಸಲ ಊರ ಬಾವಿ ಕಡೆ ಹಣಕಿ ಹಾಕ್ತೀನಿ. ನೀನು ಬದುಕಿದ್ದಿ ಅಂತ ಗೊತ್ತಾದ್ರ ಸಾಕು.”

ಪದ್ಮಾ ಬಿಕ್ಕಿ ಬಿಕ್ಕಿ ಅತ್ತಳು. ತನ್ನ ಮೇಲೆ ಸಿಟ್ಟಾಗಿದ್ದಾರೆ ಎಂದು ಇವಳು ಎಂಟು ವರ್ಷ ಅಡಗಿದ್ದಳು. ಇವಳಿಗೆ ಏನೋ ಆಗಿಹೋಯಿತು ಎಂದು ಅವನು ಎಂಟು ವರ್ಷ ಹುಡುಕಿದ್ದ.

“ಇವತ್ತ ಶುಕ್ರವಾರ ಅಲ್ಲೇನು?” ಎಂದಳು ಗಂಗವ್ವ.

ನಾವು ಬಾವಿಯ ಕಡೆಗೆ ಓಡಿದೆವು. ಒಂದೂವರೆ ಆಯಿತು. ಎರಡಾಯಿತು. ಗಂಗವ್ವ ರೊಟ್ಟಿಯ ತಟ್ಟೆಯನ್ನು ಅಲ್ಲಿಗೇ ತಂದಳು, ಯಾರೂ ಮುಟ್ಟಲಿಲ್ಲ. ಎರಡೂಕಾಲಿಗೆ ಬಾವಿಯ ಆಚೆ ಒಂದು ಹಸಿರು ನಿಲುವಂಗಿ ಮೂಡಿತು. ಹಕೀಮ! ಅವನು ನನ್ನನ್ನು ನೋಡಿ ಗಕ್ಕನೆ ನಿಂತ. ಮೈಮೇಲೆ ಗೀರೂ ಇಲ್ಲದ ನನಗೆ ಕೈ ಎತ್ತಿ ಗಾಯ ಮಾಯುವ ಮಂತ್ರ ಹಾಕಿದ. ಒಂದಲ್ಲ, ನಾಲ್ಕು ಸಲ.

ಹೆಡ್‌ಫೋನ್ ಇರಲಿಲ್ಲ, ರಿಯಾಜನ ದನಿ ಕೋಣೆಗೆಲ್ಲ ಕೇಳಿತು. “ಮಲ್ಲವ್ವಾ? ನೀನ ಹೌದಲ್ಲ? ಅವತ್ತ ಯಾರ ಬಂದಿದ್ರು?”

ಗಂಗವ್ವ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ನಾನ ಬಂದಿದ್ದೆ ತಮ್ಮಾ. ಸೊಸಿ ಮಾಡ್ಕೊಂಡು ಹ್ವಾದೆ. ಆರಾಮ ಅದಾಳ.”

ಅವನು ನಕ್ಕ ನಗು! ಪದ್ಮಾಳೂ ಸೇರಿದಳು, ಪ್ಲಾಸ್ಟರಿನ ಕಾಲು ಮಂಚಕ್ಕೆ ಬಡಿದುಕೊಂಡು “ಯವ್ವಾ” ಎಂದಳು, ಅದಕ್ಕೂ ನಕ್ಕರು. ನಗು ಅಳುವಾಯಿತು, ಮತ್ತೆ ನಗುವಾಯಿತು.

ನನಗೀಗ ವಯಸ್ಸಾಗಿದೆ. ಆಟದ ಲೆಕ್ಕದಲ್ಲಿ ನನ್ನ ಗುರಾಣಿ ಗುಜರಿ. ಹೊಸ ಹುಡುಗರು ಇದನ್ನು ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ. ಏಳನೆಯ ಕೋಟೆಯನ್ನು ಸಾವಿರಾರು ಮಂದಿ ಗೆದ್ದು ಮರೆತಿದ್ದಾರೆ. ನಾವಿನ್ನೂ ಗೆದ್ದಿಲ್ಲ. ಮೊನ್ನೆ ನಾನೂ ಹಕೀಮನೂ ಇಬ್ಬರೇ ಹೋಗಿ, ಅರೆಗಳಿಗೆಯಲ್ಲಿ ಸತ್ತು ಬಂದೆವು. ಪದ್ಮಾ ಒಂದು ಗುಂಡಿಯನ್ನು ತಪ್ಪಾಗಿ ಒತ್ತಿದ್ದಳು. “ನನ್ನ ತಪ್ಪು,” ಎಂದಳು, ಎದ್ದು ಹೋಗಲಿಲ್ಲ. “ಹೌದು, ನಿಂದ ತಪ್ಪು. ಏಳು, ಮತ್ತ ಹೋಗೂಣು,” ಎಂದ ರಿಯಾಜ್. ಗುರಾಣಿ ಎತ್ತಿಕೊಂಡು ನಾನು ಆಗಲೇ ಓಡುತ್ತಿದ್ದೆ.