ದೇವಾಲಯಕ್ಕೆ ಬಂದ ಮರಳು

ಹೊಸ ದೇವಾಲಯದ ಚಾವಣಿಗೆ ಮೋಲ್ಡ್ ಹಾಕುವ ದಿನವೆಂದು ಸುವಾರ್ತಮ್ಮ ಆ ಶನಿವಾರ ಶಾಲೆಗೆ ರಜೆ ಹಾಕಿದ್ದರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕ, ಕ್ರೈಸ್ತ ಸಭೆಯವರು ತಮ್ಮ ಶೀಟಿನ ಹಳೆಯ ಪ್ರಾರ್ಥನಾಮಂದಿರ ಕೆಡವಿ ಕಟ್ಟುತ್ತಿದ್ದ ಕಟ್ಟಡ ಅದು. ಕಂಬಿ ಕಟ್ಟಿ ಮುಗಿದಿತ್ತು. ಮೂವತ್ತು ಆಳುಗಳು ಬಾಣಲಿ ಹಿಡಿದು ಕಾಯುತ್ತಿದ್ದರು. ಕಟ್ಟಡದ ಉಸ್ತುವಾರಿಯೆಲ್ಲ ಸುವಾರ್ತಮ್ಮನ ಗಂಡ ದೇವದಾನಂ ಅವರದು.

ಆಳುಗಳಿಗೆ ಟೀ ಕೊಡುತ್ತಾ ಬಂದ ಸುವಾರ್ತಮ್ಮ, ಆಗಷ್ಟೇ ಸುರಿದ ಮರಳಿನ ರಾಶಿಯ ಬಳಿ ನಿಂತರು. ಅದರ ಬುಡದಿಂದ ಕೆಂಪು ನೀರು ಸೋರುತ್ತಿತ್ತು. ಒಂದು ಹಿಡಿ ತೆಗೆದು ಹಿಸುಕಿ ನೋಡಿದರು. ಅಂಗೈ ತುಂಬ ಕೆಮ್ಮಣ್ಣು ಮೆತ್ತಿಕೊಂಡಿತು.

"ಎಲ್ಲಿಂದ ತಂದ್ಯಪ್ಪಾ ಇದನ್ನ?"

"ಮುದ್ದಲಕುಂಟೆ ಕೆರೆಯಿಂದ ಕಣಮ್ಮಾ. ಮುನಿವೆಂಕಟಪ್ಪನೋರು ಕಳ್ಸವ್ರೆ. ಇನ್ನೂ ಎರಡು ಲೋಡ್ ಬರ್ತೈತೆ," ಎಂದ ಲಾರಿ ಡ್ರೈವರ್.

ಸುವಾರ್ತಮ್ಮ ಕೈಯಲ್ಲಿದ್ದುದನ್ನು ರಾಶಿಗೇ ಎಸೆದರು.

ಆರು ತಿಂಗಳಿಂದ ಅವರೂ ಸಭೆಯ ನಾಲ್ಕಾರು ಹೆಂಗಸರೂ ಆ ಮುದ್ದಲಕುಂಟೆಗಾಗಿಯೇ ಓಡಾಡುತ್ತಿದ್ದರು. ಅಲ್ಲಿ ಮುನಿವೆಂಕಟಪ್ಪನ ಕಡೆಯವರು ಕೆರೆಯಂಗಳದ ಮಣ್ಣನ್ನು ಜೆಸಿಬಿಯಲ್ಲಿ ಅಗೆದು, ಬೋರಿನ ನೀರಲ್ಲಿ ತೊಳೆದು, ಮರಳೆಂದು ಮಾರುತ್ತಿದ್ದರು. ಮಳೆ ಬಂದರೂ ಕೆರೆಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ಅಲ್ಲಿನ ಕಾಲೋನಿಯ ಬೋರು ಬತ್ತಿತ್ತು. ಅದೇ ಕಾಲೋನಿಯ ಅಕ್ಕಯ್ಯಮ್ಮನ ಮಗ ಮುನೇಶ್ ಅಲ್ಲಿ ಕೂಲಿಗೆ ಹೋಗಿದ್ದಾಗ ಗುಂಡಿಯ ದಡ ಕುಸಿದು ಕಾಲು ಎರಡು ಕಡೆ ಮುರಿದಿತ್ತು. ಅವನು ಯಾರೆಂದೇ ತನಗೆ ಗೊತ್ತಿಲ್ಲವೆಂದುಬಿಟ್ಟಿದ್ದ ಮುನಿವೆಂಕಟಪ್ಪ. ಅಕ್ಕಯ್ಯಮ್ಮನನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಗಣಿ ಇಲಾಖೆಯ ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ, ಬರುವ ಸೋಮವಾರ ಸ್ಥಳಕ್ಕೆ ಬಂದು ನೋಡುತ್ತೇವೆಂದು ಅಧಿಕಾರಿಗಳು ಒಪ್ಪಿದ್ದರು.

ಸುವಾರ್ತಮ್ಮ ನೇರವಾಗಿ ಮಿಕ್ಸರಿನ ಮುಂದೆ ಹೋಗಿ ನಿಂತರು. "ಇದನ್ನ ನಿಲ್ಸಪ್ಪಾ."

ಸದ್ದು ನಿಂತಿತು. ದೇವದಾನಂ ಸೆಂಟ್ರಿಂಗ್ ಮೇಲಿಂದ ದಡದಡ ಇಳಿದು ಬಂದರು.

"ಸುವಾರ್ತಾ, ಜನದ ಮುಂದೆ ಬೇಡ. ಆಮೇಲೆ ಮಾತಾಡಣ."

"ಇಲ್ಲೇ ಹೇಳ್ರೀ. ನಿಮಗೆ ಗೊತ್ತಿತ್ತಾ?"

"ದಾನ ಅಂತ ಕೊಟ್ಟರು. ಎಲ್ಲಿಂದ ಅಂತ ನಾನು ಕೇಳಲಿಲ್ಲ."

"ಕೇಳಲಿಲ್ವೋ, ಕೇಳೋಕೆ ಮನಸ್ಸಾಗಲಿಲ್ವೋ?"

ಮೇಸ್ತ್ರಿ ನಡುವೆ ಬಾಯಿ ಹಾಕಿದ. "ಎರಡು ಸಲ ತೊಳೆದ್ರೆ ಮಣ್ಣೆಲ್ಲ ಹೋಗ್ತದಮ್ಮಾ. ಗಟ್ಟಿಯಾಗೇ ನಿಲ್ತದೆ."

"ಬೀಳ್ತದೆ ಅಂತಲ್ಲಪ್ಪಾ ನನ್ನ ಭಯ," ಎಂದರು ಸುವಾರ್ತಮ್ಮ.

ಅಷ್ಟರಲ್ಲಿ ಗೇಟಿನ ಬಳಿ ಜೀಪು ನಿಂತು ಮುನಿವೆಂಕಟಪ್ಪ ಇಳಿದ. ಬಿಳಿ ಅಂಗಿ, ಮುಖದಲ್ಲಿ ಮದುವೆಮನೆಗೆ ಬಂದವನ ನಗು. ಸಭೆಯ ಪಾಸ್ಟರ್ ಕೃಪಾಕರ ಅವರಿಗೆ ಮೊದಲು ಕೈಮುಗಿದು, ಆಮೇಲೆ ಇವರ ಕಡೆ ತಿರುಗಿದ.

"ಏನು ಟೀಚರಮ್ಮಾ, ದೇವರ ಕೆಲ್ಸಕ್ಕೆ ಅಡ್ಡ ನಿಂತಿದ್ದೀರಾ? ನಾನು ನಿಮ್ಮ ಜಾತಿ ಮತ ನೋಡ್ದೆ ಕೊಟ್ಟಿದ್ದೀನಿ. ನೀವು ಮಾತ್ರ ಸೋಮವಾರ ಕೆರೆ ಹತ್ರ ಬರ್ಬೇಡಿ. ಅಷ್ಟೇ ಕೇಳೋದು ನಾನು."

ದೇವದಾನಂ ಅವರ ಮುಖ ಕಪ್ಪಿಟ್ಟಿತು. ಈ ಮಾತು ಅವರಿಗೂ ಹೊಸದೆಂದು ಸುವಾರ್ತಮ್ಮನಿಗೆ ನೋಡಿದ ಕೂಡಲೇ ತಿಳಿಯಿತು.

"ಬರ್ತೀನಿ," ಎಂದರು ಸುವಾರ್ತಮ್ಮ. "ಅಕ್ಕಯ್ಯಮ್ಮನ ಜೊತೆ ಬಂದೇ ಬರ್ತೀನಿ."

ಮುನಿವೆಂಕಟಪ್ಪನ ನಗು ಹೋಯಿತು. "ಈ ಕಟ್ಟಡಕ್ಕೆ ಲೈಸೆನ್ಸ್ ಐತಾ? ಕಾಲೋನಿಗೆ ಹೋಗಿ ಜನಾನ ಮತಾಂತರ ಮಾಡ್ತಾವ್ರೆ ಅಂತ ಒಂದು ಫೋನ್ ಮಾಡಿದ್ರೆ ಸಂಜೆಯೊಳಗೆ ಇಲ್ಲಿ ಎಷ್ಟು ಜನ ಸೇರ್ತಾರೆ ಗೊತ್ತಾ?"

ಗೋಡೆಯ ನೆರಳಲ್ಲಿ ಕೂತಿದ್ದ ಮುದುಕಿಯರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಸುವಾರ್ತಮ್ಮ ಅವರ ಕಡೆ ನೋಡಿದರು. ತನ್ನ ಹಟಕ್ಕೆ ಇವರೆಲ್ಲ ಯಾಕೆ ಏಟು ತಿನ್ನಬೇಕು? ಒಂದು ಗಳಿಗೆ, ಪಕ್ಕಕ್ಕೆ ಸರಿದುಬಿಡೋಣ ಅನ್ನಿಸಿದ್ದೂ ನಿಜ.

ಪಾಸ್ಟರ್ ಕೃಪಾಕರ ಮೂವತ್ತು ದಾಟದ ಮನುಷ್ಯ. ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ. ಅವರು ಹೋಗಿ ಒಂದು ಸಲಿಕೆ ತೆಗೆದುಕೊಂಡರು. ರಾಶಿಯಿಂದ ಮರಳು ಮೊಗೆದು ಲಾರಿಯೊಳಕ್ಕೆ ಎಸೆದರು. ಮತ್ತೆ ಮೊಗೆದರು. ಸುವಾರ್ತಮ್ಮ ಬಾಣಲಿ ಎತ್ತಿಕೊಂಡರು. ಗೋಡೆಯ ಬದಿಯಿಂದ ಇನ್ನಿಬ್ಬರು ಹೆಂಗಸರು ಎದ್ದು ಬಂದರು. ದೇವದಾನಂ ಮಾತ್ರ ಕದಲಲಿಲ್ಲ. ಮುನಿವೆಂಕಟಪ್ಪ ಫೋನ್ ಕಿವಿಗಿಟ್ಟುಕೊಂಡು ಜೀಪು ಹತ್ತಿದ.

ಅಂದು ಸಂಜೆ ಯಾರೂ ಬರಲಿಲ್ಲ. ಆದರೂ ಸಭೆಯವರಲ್ಲಿ ಯಾರಿಗೂ ಊಟ ಸೇರಲಿಲ್ಲ. ಭಾನುವಾರ ಟಾರ್ಪಾಲಿನ ಕೆಳಗೆ ನಡೆದ ಆರಾಧನೆಯಲ್ಲಿ ಅರ್ಧಕ್ಕರ್ಧ ಜಾಗ ಖಾಲಿ. ಗಂಡ ಹೆಂಡತಿ ಒಂದೇ ಚಾಪೆಯ ಎರಡು ತುದಿಗೆ ಕೂತು, ಹಿಂದೆ ಮುಂದೆ ನಡೆದು ಮನೆಗೆ ಬಂದರು.

ಸೋಮವಾರ ಸುವಾರ್ತಮ್ಮ ಒಬ್ಬರೇ ಬಸ್ಸು ಹತ್ತಿ ಜಂಗಮಕೋಟೆ ದಾಟಿ ಇಳಿದು, ಮುದ್ದಲಕುಂಟೆಗೆ ನಡೆದರು. ಅಕ್ಕಯ್ಯಮ್ಮ ಕೆರೆ ಏರಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ನೋಡಮ್ಮಾ, ಎಲ್ಲಾ ಎತ್ತಿಕೊಂಡು ಹೋಗವ್ರೆ."

ಜೆಸಿಬಿ ಇರಲಿಲ್ಲ, ಮಣ್ಣು ತೊಳೆಯುವ ಜರಡಿಗಳೂ ಇರಲಿಲ್ಲ. ಗುಂಡಿಗಳು ಮಾತ್ರ ಬಾಯಿ ತೆರೆದುಕೊಂಡಿದ್ದವು. ಅಧಿಕಾರಿ ಬಂದು ಸುತ್ತ ಕಣ್ಣಾಡಿಸಿದರು. ಮುನಿವೆಂಕಟಪ್ಪ ಅವರ ಮಗ್ಗುಲಲ್ಲೇ ನಿಂತು, ಊರವರು ಹೊಲಕ್ಕೆ ಕೆರೆಯ ಗೋಡುಮಣ್ಣು ಹೊಡೆದುಕೊಂಡಿದ್ದಾರೆ ಸಾರ್ ಎಂದ.

"ಮರಳು ತೆಗೆದರು ಅನ್ನೋದಕ್ಕೆ ಸಾಕ್ಷಿ ಏನಮ್ಮಾ ಇದೆ?" ಅಧಿಕಾರಿ ಕೇಳಿದರು. "ಕೊಂಡವರು ಯಾರಾದರೂ ಹೇಳ್ತಾರಾ?"

ಸುವಾರ್ತಮ್ಮ ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಧ್ವನಿ ಬಂತು. "ನಾನು ಹೇಳ್ತೀನಿ ಸಾರ್."

ದೇವದಾನಂ ಏರಿ ಹತ್ತಿ ಬರುತ್ತಿದ್ದರು, ಅಂಗಿಯೆಲ್ಲ ಬೆವರು. ಮುಂದಿನ ಬಸ್ಸಿಗೆ ಬಂದಿರಬೇಕು.

"ಶನಿವಾರ ಇಲ್ಲಿಂದ ನಮ್ಮ ದೇವಾಲಯಕ್ಕೆ ಒಂದು ಲೋಡ್ ಬಂತು. ತರಿಸಿಕೊಂಡವನು ನಾನೇ. ಲಾರಿ ನಂಬರು ಬರೆದಿಟ್ಟಿದ್ದೀನಿ."

"ಹಾಗೆ ಬರೆದುಕೊಟ್ಟರೆ ನಿಮ್ಮ ಮೇಲೂ ಕೇಸ್ ಆಗಬಹುದು. ಯೋಚನೆ ಮಾಡಿ."

"ಎರಡು ದಿನ ಅದನ್ನೇ ಮಾಡಿದೀನಿ ಸಾರ್. ಕಾಗದ ಕೊಡಿ."

ಮುನಿವೆಂಕಟಪ್ಪ ಏನೋ ಹೇಳಲು ಹೋದ. ಅಧಿಕಾರಿ ಕೈಯೆತ್ತಿ ತಡೆದರು. ದೇವದಾನಂ ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ನಿಧಾನವಾಗಿ ಬರೆದರು. ಸುವಾರ್ತಮ್ಮ ಗಾಳಿಗೆ ಹಾರದಂತೆ ಅದರ ಅಂಚು ಒತ್ತಿಹಿಡಿದರು.

ಆ ವಾರವೇ ಲಾರಿ ಜಪ್ತಿಯಾಯಿತು, ಕೆರೆಯಲ್ಲಿ ಅಗೆಯುವುದು ನಿಂತಿತು. ಅದರ ಬೆನ್ನಿಗೇ ದೇವಾಲಯದ ಗೋಡೆಗೆ ಲೈಸೆನ್ಸ್ ತೋರಿಸುವವರೆಗೆ ಕೆಲಸ ನಿಲ್ಲಿಸುವ ನೋಟೀಸೂ ಬಂದು ಅಂಟಿತು. ದೇವದಾನಂ ಮರಳು ತರಿಸಿಕೊಂಡ ಕೇಸಿಗಾಗಿ ಎರಡು ಸಲ ಕೋರ್ಟಿಗೆ ಹೋಗಿ ಬಂದರು. ಮುನೇಶನ ಪರಿಹಾರದ ಅರ್ಜಿ ಇನ್ನೂ ಎಳೆದಾಡುತ್ತಿದೆ. ಅವನು ಊರುಗೋಲು ಹಿಡಿದು ನಡೆಯುತ್ತಾನೆ. ಆ ವರ್ಷದ ಕ್ರಿಸ್‌ಮಸ್ ಆರಾಧನೆ ಟಾರ್ಪಾಲಿನ ಕೆಳಗೇ ನಡೆಯಿತು. ಚಳಿಗೆ ಎಲ್ಲರೂ ಒತ್ತೊತ್ತಿ ಕೂತಿದ್ದರು. ಸಭೆ ಬಿಟ್ಟುಹೋಗಿದ್ದವರಲ್ಲಿ ಕೆಲವರು ಮರಳಿ ಬಂದಿದ್ದರು, ಎಲ್ಲರೂ ಅಲ್ಲ.