ಹೆಗಲು ಕೊಡದ ತಮ್ಮ

ನನ್ನ ಮಗಳು ಚಿಕ್ಕಲಕ್ಷ್ಮಿಯ ಮದುವೆಗೆ ಎಲ್ಲವೂ ಇತ್ತು, ಸೋದರಮಾವ ಒಬ್ಬನನ್ನು ಬಿಟ್ಟು. ನಮ್ಮ ಹಟ್ಟಿಯಲ್ಲಿ ಮದುವಣಗಿತ್ತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಚಪ್ಪರಕ್ಕೆ ತರುವವನು ತಾಯಿಯ ತಮ್ಮ. ತಾನೇ ನಡೆದು ಬಂದ ಹುಡುಗಿಯನ್ನು ಅತ್ತೆಮನೆಯವರು ಸಾಯುವತನಕ ‘ತೌರಿಲ್ಲದವಳು’ ಎಂದು ಚುಚ್ಚುತ್ತಾರೆ. ನನಗೆ ತಮ್ಮನಿರಲಿಲ್ಲವೆಂದಲ್ಲ. ಶಿರಾದ ಮಿಷನ್ ಬಂಗಲೆಯಲ್ಲಿ ತೋಟ ನೋಡಿಕೊಂಡು ಗುಂಡುಕಲ್ಲಿನ ಹಾಗಿದ್ದ. ಮುದ್ದಪ್ಪ. ಕಿರಿಸ್ತಾನನಾದ ಮೇಲೆ ದೇವದಾನ ಎಂದು ಹೆಸರಿಟ್ಟುಕೊಂಡನಂತೆ. ಇಟ್ಟುಕೊಳ್ಳಲಿ. ತೊಟ್ಟಿಲು ತೂಗಿದವಳು ನಾನು, ನನಗೆ ಅವನು ಮುದ್ದನೇ.

ನನ್ನ ಸಿಟ್ಟು ಅವನು ಕಿರಿಸ್ತಾನನಾದದ್ದಕ್ಕಲ್ಲ. ಜರ್ಮನಿಯ ಯುದ್ಧ ಮುಗಿದ ವರ್ಷ ನಮ್ಮವ್ವ ಸತ್ತಳು. ಅವನಿಗೆ ಹೇಳಿ ಕಳಿಸಿ, ಹೆಣವನ್ನು ಅಂಗಳದಲ್ಲಿಟ್ಟುಕೊಂಡು ಹೊತ್ತು ಇಳಿಯುವವರೆಗೂ ಕಾದೆವು. ಇದ್ದೊಬ್ಬ ಮಗ ಬರಲಿಲ್ಲ. ಹೆಗಲು ಕೊಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಇವನೂ ನನ್ನ ಪಾಲಿಗೆ ಸತ್ತ ಎಂದು ಅಂದೇ ತೀರ್ಮಾನಿಸಿದೆ. ಆಮೇಲೆ ಅವನ ಮುಖ ನೋಡಿರಲಿಲ್ಲ.

ಮದುವೆ ಹತ್ತಿರ ಬಂದಾಗ ನನ್ನ ಗಂಡ ಕ್ಯಾತಪ್ಪ ಶಿರಾ ಸಂತೆಯಿಂದ ಒಂದು ಸುದ್ದಿ ತಂದ. ಕಿರಿಸ್ತಾನರ ದೇವಾಲಯದಲ್ಲಿ ಉಜ್ಜೀವನ ಕೂಟ ಎಂದು ನಡೆಯುತ್ತಿದೆಯಂತೆ. ಮೊದಲೆಲ್ಲ ಭಾನುವಾರ ಸಾಲಾಗಿ ಕೂತು, ಹಾಡಿ, ಆಕಳಿಸಿ ಎದ್ದು ಹೋಗುತ್ತಿದ್ದ ಜನ ಈಗ ದಿನಾ ಬೆಳಗಿನ ಜಾವವೇ ಕೂಡುತ್ತಾರಂತೆ. ಎದ್ದು ನಿಂತು ತಮ್ಮ ತಪ್ಪು ತಾವೇ ಹೇಳಿಕೊಂಡು ಗಂಡಸರೂ ಗಳಗಳ ಅಳುತ್ತಾರಂತೆ. ಯಾರೊಂದಿಗಾದರೂ ಮನಸ್ತಾಪವಿದ್ದವನು ಅದನ್ನು ತೀರಿಸಿಕೊಳ್ಳದೆ ಅಲ್ಲಿ ಪ್ರಸಾದದ ಹಾಗೆ ಹಂಚುವ ಪ್ರಭುಭೋಜನದ ರೊಟ್ಟಿ ಮುಟ್ಟುವಂತಿಲ್ಲವಂತೆ.

“ಅತ್ರೆ ಏನ್ ಬಂತು?” ಎಂದೆ ನಾನು. “ಈರುಳ್ಳಿ ಹೆಚ್ಚಿದ್ರೂ ಅಳು ಬತ್ತದೆ.”

ಎರಡು ದಿನ ಕಳೆದಿರಬೇಕು. ಬೆಳಿಗ್ಗೆ ರಾಗಿ ಬೀಸುತ್ತಿದ್ದೆ, ತಾಳದ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಒಂದು ದಂಡೇ ಹಾಡಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದೆ. ಮುಂದೆ ಮುದ್ದಪ್ಪ. ಹಟ್ಟಿಯ ಹೆಂಗಸರೆಲ್ಲ ಬೇಲಿಗೆ ಬಂದು ನಿಂತರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನನಗೆ. ನಮ್ಮೆಲ್ಲರ ಕುಲ ಕೆಡಿಸಲು ಬಂದರೆಂದು ಒನಕೆ ಕೈಗೆ ತೆಗೆದುಕೊಂಡೆ.

“ಅಲ್ಲೇ ನಿಂತ್ಕಳ್ಳಿ! ಒಬ್ಬನ್ನ ಕಿತ್ಕೊಂಡೋಗಿದ್ದು ಸಾಲ್ದಾ ನಿಮ್ಗೆ?”

ಹಾಡು ನಿಂತಿತು. ಮುದ್ದಪ್ಪ ಧೂಳಿನಲ್ಲೇ ಮಂಡಿಯೂರಿದ.

“ಅಕ್ಕಾ, ತಪ್ಪೊಪ್ಕಳಾಕೆ ಬಂದಿವ್ನಿ. ತೋಳ ಹೊತ್ಕೊಂಡೋಯ್ತು ಅಂದಿದ್ನಲ್ಲ ಆ ಟಗರು, ಅದ್ನ ನಾನೇ ಮಾರ್ಬುಟ್ಟಿದ್ದೆ.”

ಕ್ಯಾತಪ್ಪ ಕುರಿರೊಪ್ಪದಿಂದ ಓಡಿಬಂದ. “ಕೇಳುಸ್ಕಂಡ್ಯೇನೇ? ಕುರಿ ಕಾವ್ಲಲ್ಲಿ ನಾನು ನಿದ್ದೆ ಮಾಡಿರ್ನಿಲ್ಲ ಅಂತ ಅವತ್ತಿಂದ ಬಡ್ಕೋತಾನೇ ಇವ್ನಿ!”

ಬೇಲಿಯ ಹೆಂಗಸರು ನಕ್ಕರು. ನನಗೂ ನಗು ಬಂತು, ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಅವನು ಕದ್ದು ತಿಂದ ಬೆಣ್ಣೆ, ನನಗೆ ಹೊಡೆದ ಏಟು, ಎಲ್ಲ ಹೇಳುತ್ತಲೇ ಹೋದ.

“ಸಾಕು ನಿಲ್ಸೋ! ಬೆಣ್ಣೆ, ಟಗರು ಅಂತೀಯಲ್ಲ, ಅವ್ವನ್ ಮಾತೆಲ್ಲಿ?”

ಮುದ್ದಪ್ಪ ಬೇಲಿಯಾಚೆಯ ಜಾಲಿಮರದ ಕಡೆ ತಿರುಗಿ ನೋಡಿದ.

“ಅದು ತಪ್ಪು ಅಂತ ನಾನು ತಿಳ್ಕೊಂಡಿರ್ನಿಲ್ಲ ಅಕ್ಕಾ. ದೇವ್ರಿಗೋಸ್ಕರ ತಡ್ಕೊಂಡೆ ಅಂತಿದ್ದೆ. ಅವತ್ತು ಆ ಜಾಲಿಮರದ ತಾವ್ಗಂಟ ಬಂದಿದ್ದೆ. ತಮಟೆ ಕೇಳ್ತಿತ್ತು. ಅಲ್ಲೇ ಕುಂತಿದ್ದು ವಾಪಸ್ ಹೋದೆ.”

ಅಷ್ಟು ಹತ್ತಿರ ಬಂದಿದ್ದನೇ, ಪಾಪಿ!

ಆಗ ಅವರ ಉಪದೇಶಿ ಮುಂದೆ ಬಂದರು. ಕರಿ ಕೋಟಿನ, ವಯಸ್ಸಾದ ಮನುಷ್ಯ. ಪೇಟ ತೆಗೆದು ಕೈಯಲ್ಲಿ ಹಿಡಿದರು.

“ತಪ್ಪು ಇವನದಲ್ಲಮ್ಮ, ನನ್ನದು. ಅಲ್ಲಿಗೆ ಹೋದರೆ ವಿಗ್ರಹಕ್ಕೆ ಕೈಮುಗಿಸುತ್ತಾರೆ, ಹೋಗಬೇಡ ಎಂದು ತಡೆದವನು ನಾನು. ಈ ಕೂಟದಲ್ಲಿ ಎಲ್ಲರ ಪಾಪಕ್ಕೂ ಪ್ರಾರ್ಥನೆ ಮಾಡಿಸಿದೆ. ಇದೂ ಒಂದು ಪಾಪ ಎಂದು ಈ ಗಳಿಗೆಯವರೆಗೆ ಹೊಳೆಯಲಿಲ್ಲ. ಹೆತ್ತವಳಿಗೆ ಮಣ್ಣು ಹಾಕುವ ಮಗನನ್ನು ತಡೆದು, ತಂದೆತಾಯಿಯನ್ನು ಸನ್ಮಾನಿಸಿ ಎಂದು ಆ ಭಾನುವಾರವೇ ದೇವಾಲಯದಲ್ಲಿ ಓದಿದೆನಲ್ಲ!” ಅವರು ಆ ಪೇಟದಲ್ಲೇ ಕಣ್ಣೊರೆಸಿಕೊಂಡರು.

ನಾನು ಒನಕೆ ಕೆಳಗಿಟ್ಟೆ. ಅಷ್ಟು ದೊಡ್ಡ ಮನುಷ್ಯ ಕುರಿ ಕಾಯುವವರ ಅಂಗಳದಲ್ಲಿ ಬರಿದಲೆಯಲ್ಲಿ ನಿಂತು ಅಳುವುದನ್ನು ನೋಡಿದರೆ ಯಾರಿಗೆ ತಾನೇ ಕರುಳು ಚುರುಕ್ ಎನ್ನುವುದಿಲ್ಲ?

“ಸತ್ತೋಳು ಎದ್ದು ಬರಾಕಿಲ್ಲ ಸ್ವಾಮಿ,” ಎಂದೆ. “ಬದುಕಿರೋಳು ಒಬ್ಳವ್ಳೆ. ಸ್ವಾಮಾರ ಅವಳ ಮದ್ವೆ. ಹೊತ್ಕೊಂಡು ಬರಾಕೆ ಇವನ್ನ ಕಳುಸ್ತೀರಾ?”

ಮುದ್ದಪ್ಪ ಉಪದೇಶಿಗಳ ಮುಖ ನೋಡಿದ.

“ನನ್ನ ಮುಖ ಯಾಕಪ್ಪ ನೋಡುತ್ತೀ? ನಿಮ್ಮಕ್ಕನ ಮುಖ ನೋಡು,” ಎಂದರು ಅವರು.

ಸೋಮವಾರ ಮುದ್ದಪ್ಪ ಹೊತ್ತು ಹುಟ್ಟುವ ಮೊದಲೇ ಬಂದ. ಹಟ್ಟಿಯ ಯಜಮಾನ ಬೈರಪ್ಪ ಚಪ್ಪರದ ಬಾಗಿಲಿಗೆ ಅಡ್ಡ ನಿಂತ. ಕುಲ ಬಿಟ್ಟವನು ಹೆಣ್ಣು ಮುಟ್ಟಿದರೆ ಯಾರೂ ಊಟಕ್ಕೆ ಕೂರುವುದಿಲ್ಲ ಎಂದ.

“ಕೂರ್ಬ್ಯಾಡಿ ಬೈರಣ್ಣ,” ಎಂದೆ. “ಅವ್ವ ಸತ್ತಾಗ ಮಗ ಬರ್ನಿಲ್ಲ ಅಂತ ಉಗುದೋರೂ ನೀವೇ, ಈಗ ಬಂದ ಅಂತ ಉಗಿಯೋರೂ ನೀವೇ. ಮಾಡಿರೋ ಅನ್ನ ಬೇಕಾದ್ರೆ ಕುರಿಗಾಕ್ತೀನಿ. ನನ್ ತಮ್ಮನ್ನ ಮಾತ್ರ ಕಳ್ಸಾಕಿಲ್ಲ.”

ಬೈರಪ್ಪ ಟವೆಲ್ ಕೊಡವಿ ಹೊರಟ, ನಾಲ್ಕಾರು ಜನ ಅವನ ಹಿಂದೆ ಎದ್ದು ಹೋದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಕೂತೇ ಇದ್ದರು.

ಮುದ್ದಪ್ಪ ಕಳಶಕ್ಕೆ ಕೈಮುಗಿಯಲಿಲ್ಲ, ಮುಗಿ ಎಂದು ನಾನೂ ಹೇಳಲಿಲ್ಲ. ಚಿಕ್ಕಲಕ್ಷ್ಮಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಸಿಲು ದಾಟಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹಸೆಯ ಹತ್ತಿರ ಬಂದು ನಿಂತ.

“ಅಕ್ಕಾ, ಇಳುಸ್ಲಾ?”

“ತಡಿ ಕಣೋ,” ಎಂದೆ. “ಅವ್ವನ್ನ ಹೊರಬೇಕಿದ್ದ ಹೆಗಲು. ಇನ್ನೊಂದ್ ಗಳಿಗೆ ಕಣ್ತುಂಬ ನೋಡ್ಕೋತೀನಿ.”